ಸಣ್ಣ ಬಾಡಿಗೆ ಕಾರು, ಒಳ್ಳೆ ಆವರೇಜ್: ವಿಜಯಪುರದಿಂದ ಹೊರಡುವವರಿಗೆ ಒಂದು ಹೋಲಿಕೆ

ಬಾಡಿಗೆ ಗಾಡಿ ಕೇಳಲು ಹೋದವರ ಮೊದಲ ಪ್ರಶ್ನೆ ‘ಆವರೇಜ್ ಎಷ್ಟು ಕೊಡ್ತದ?’ ಎಂಬುದೇ, ಅಂದರೆ ಒಂದು ಲೀಟರಿಗೆ ಎಷ್ಟು ಕಿ.ಮೀ. ಅಂತ. ಗಾಡಿಯವರ ಉತ್ತರವೂ ತಯಾರಿರುತ್ತದೆ: ‘ಇಪ್ಪತ್ತೈದು ಪಕ್ಕಾ ರೀ ಸರ, ಕಣ್ಣು ಮುಚ್ಚಿ ತಗೊಂಡ್ ಹೋಗ್ರಿ.’ ಪ್ರಶ್ನೆ ತಪ್ಪಲ್ಲ, ಆದರೆ ಅದು ಮೂರನೆಯದಾಗಿ ಬರಬೇಕಾದದ್ದು. ಮೊದಲು ಕೇಳಬೇಕಾದದ್ದು ಪೆಟ್ರೋಲ್ ಯಾರದ್ದು ಅಂತ. ಆಮೇಲೆ ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ ಅಂತ. ಈ ಎರಡು ಗೊತ್ತಾದ ಮೇಲೆ ಆಲ್ಟೊ ಸಾಕೋ, ಸ್ವಿಫ್ಟ್ ಬೇಕೋ, ಸಿಎನ್‌ಜಿ (ಗ್ಯಾಸ್) ಗಾಡಿ ಹುಡುಕಬೇಕೋ ಅನ್ನುವ ತಲೆಬಿಸಿ ಅರ್ಧ ಇಳಿದಿರುತ್ತದೆ.

ಪೆಟ್ರೋಲ್ ಯಾರ ಕಿಸೆಯಿಂದ?

ನಮ್ಮ ಕಡೆ ಗಾಡಿ ಸಿಗುವ ರೀತಿ ಮುಖ್ಯವಾಗಿ ಮೂರು. ಒಂದು, ಡ್ರೈವರ್ ಸಮೇತ ಕಿಲೋಮೀಟರಿಗೆ ಇಷ್ಟು ಅಂತ. ಇದರಲ್ಲಿ ಇಂಧನ ಮಾಲೀಕನದು, ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಅಂತ ಹಿಡಿಯುತ್ತಾರೆ, ಡ್ರೈವರ್ ಬಾಟಾ (ಆತನ ದಿನದ ಊಟ-ಖರ್ಚಿನ ದುಡ್ಡು) ಬೇರೆ. ಇಲ್ಲಿ ಆವರೇಜಿನ ಚಿಂತೆ ನಿಮ್ಮದಲ್ಲ. ಗಾಡಿ 12 ಕೊಟ್ಟರೂ 22 ಕೊಟ್ಟರೂ ನಿಮ್ಮ ಬಿಲ್ ಅಷ್ಟೇ. ನೀವು ನೋಡಬೇಕಾದದ್ದು ಸೀಟು, ಎಸಿ, ಡಿಕ್ಕಿ ಮತ್ತು ಆ ಕನಿಷ್ಠ ಕಿ.ಮೀ. ಲೆಕ್ಕ.

ಎರಡನೆಯದು ಸೆಲ್ಫ್ ಡ್ರೈವ್. ದಿನದ ಬಾಡಿಗೆ ಕೊಟ್ಟು ನೀವೇ ಓಡಿಸುತ್ತೀರಿ, ಪೆಟ್ರೋಲ್ ನಿಮ್ಮದು, ಪೆಟ್ರೋಲ್ ಮೀಟರಿನಲ್ಲಿ ಎಷ್ಟು ಗೆರೆ ಇತ್ತೋ ಅಷ್ಟೇ ಗೆರೆಗೆ ತುಂಬಿ ವಾಪಸ್ ಕೊಡಬೇಕು. ಮುಂದಿನ ಮಾತೆಲ್ಲ ಬಹುಪಾಲು ಇದರ ಬಗ್ಗೆಯೇ.

ಮೂರನೆಯದು ಊರಿನ ಪರಿಚಯದ ಮೇಲೆ ನಡೆಯುವ ವ್ಯವಹಾರ: ಗಾಡಿ, ಡ್ರೈವರ್ ಅವರದು, ಪೆಟ್ರೋಲ್ ನಿಮ್ಮದು. ಕೇಳಲು ಅಗ್ಗ. ಆದರೆ ಓಡಿಸುವವನಿಗೆ ಪೆಟ್ರೋಲಿನ ಖರ್ಚು ಇಲ್ಲ, ಖರ್ಚು ಮಾಡುವವನ ಕೈಯಲ್ಲಿ ಸ್ಟೇರಿಂಗ್ ಇಲ್ಲ. ನೀವು ಗುಡಿಯೊಳಗೆ ಹೋದಾಗ ಆತ ಎಸಿ ಹಾಕಿಕೊಂಡು ಮಲಗಿದರೆ ಆ ಪೆಟ್ರೋಲ್ ನಿಮ್ಮದೇ. ಮೂರರಲ್ಲಿ ಆವರೇಜ್ ನೆಲ ಕಚ್ಚುವುದು ಇಲ್ಲೇ. ನನ್ನನ್ನು ಕೇಳಿದರೆ ಒಂದೋ ನೀವೇ ಓಡಿಸಿ, ಇಲ್ಲವೇ ಇಂಧನವನ್ನೂ ಅವರ ಮೇಲೆಯೇ ಹಾಕಿ ಕಿ.ಮೀ. ದರಕ್ಕೆ ಒಪ್ಪಿಕೊಳ್ಳಿ.

ಸೆಲ್ಫ್ ಡ್ರೈವ್ ಗಾಡಿಯ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ. ಬಿಳಿ ಪ್ಲೇಟಿನ ಮನೆ ಗಾಡಿಯನ್ನು ‘ನಮ್ಮ ಕಾಕಾಂದು ರೀ, ಏನೂ ಆಗಂಗಿಲ್ಲ’ ಅಂತ ಕೊಡುವವರಿದ್ದಾರೆ. ದಿನಕ್ಕೆ ಮುನ್ನೂರು ಉಳಿಯಬಹುದು, ಆದರೆ ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ಎತ್ತಲು ಅದೊಂದೇ ಕಾರಣ ಸಾಕು. ಅಂಥ ಗಾಡಿಯನ್ನು ಈ ಹೋಲಿಕೆಗೇ ತೆಗೆದುಕೊಂಡಿಲ್ಲ.

ಮೂರು ಕಿ.ಮೀ. ವ್ಯತ್ಯಾಸಕ್ಕೆ ಎಷ್ಟು ರೂಪಾಯಿ?

ಒಂದು ಗಾಡಿ ಲೀಟರಿಗೆ 20 ಕೊಡುತ್ತದೆ, ಇನ್ನೊಂದು 17 ಅಂತಿಟ್ಟುಕೊಳ್ಳಿ. ವಿಜಯಪುರದಿಂದ ಬಾದಾಮಿಗೆ ಹೋಗಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ನೋಡಿಕೊಂಡು ಆಲಮಟ್ಟಿ ಮೇಲಿಂದ ತಿರುಗಿ ಬಂದರೆ 300 ಕಿ.ಮೀ. ಹತ್ತಿರ ಆಗುತ್ತದೆ. ಮೊದಲ ಗಾಡಿ 15 ಲೀಟರ್ ಕುಡಿಯುತ್ತದೆ, ಎರಡನೆಯದು 17.6 ಲೀಟರ್. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂತ ಹಿಡಿದರೆ ವ್ಯತ್ಯಾಸ ಸುಮಾರು 270 ರೂಪಾಯಿ. ಆಲಮಟ್ಟಿಗೆ ಮಾತ್ರ ಹೋಗಿ ಬಂದರೆ, ಅಂದರೆ 120 ಕಿ.ಮೀ.ಗೆ, 110 ರೂಪಾಯಿ. ನಾಲ್ಕು ಮಂದಿಯ ನಾಷ್ಟಾದ ಬಿಲ್ ಇದಕ್ಕಿಂತ ಹೆಚ್ಚಾಗುತ್ತದೆ.

ಆದ್ದರಿಂದ ಆವರೇಜ್ ಜಾಸ್ತಿ ಎಂಬ ಒಂದೇ ಕಾರಣಕ್ಕೆ ದಿನಕ್ಕೆ 400 ರೂಪಾಯಿ ಜಾಸ್ತಿ ಕೊಟ್ಟು ಹೊಸ ಗಾಡಿ ತೆಗೆದುಕೊಂಡರೆ ಲೆಕ್ಕ ಹೊಂದುವುದಿಲ್ಲ. ಹೊಸ ಗಾಡಿಯನ್ನು ಬ್ರೇಕಿಗಾಗಿ, ಏರ್‌ಬ್ಯಾಗಿಗಾಗಿ, ತಣ್ಣಗಿನ ಎಸಿಗಾಗಿ ತೆಗೆದುಕೊಳ್ಳಿ. ಅವು ಒಳ್ಳೆ ಕಾರಣಗಳು.

ಇದಕ್ಕಿಂತ ದೊಡ್ಡ ತೂತು ಬೇರೆ ಇದೆ. ದಿನಕ್ಕೆ ಇಷ್ಟೇ ಕಿ.ಮೀ. ಅಂತ ಮಿತಿ ಇದ್ದು, ಮೀರಿದ ಪ್ರತಿ ಕಿಲೋಮೀಟರಿಗೆ 8ರಿಂದ 10 ರೂಪಾಯಿ ಹಾಕುವ ಕರಾರಾದರೆ, ಆ ಹೆಚ್ಚಿನ ಓಟದ ಪೆಟ್ರೋಲ್ ಖರ್ಚು ಕಿಲೋಮೀಟರಿಗೆ 5–6 ರೂಪಾಯಿ ಮಾತ್ರ. ದಂಡವೇ ಇಂಧನಕ್ಕಿಂತ ದುಬಾರಿ. ಮಿತಿಯ ಹತ್ತಿರ ಬರುವ ಪ್ರವಾಸವಾದರೆ ಬಾಡಿಗೆ ತುಸು ಜಾಸ್ತಿ ಇದ್ದರೂ ಮಿತಿ ದೊಡ್ಡದಿರುವ ಪ್ಯಾಕೇಜೇ ಲೇಸು.

ಅಂದಹಾಗೆ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಅಷ್ಟನ್ನೇ ನೋಡುವುದಾದರೆ ಕಾರೇ ಬೇಡ. ಆಟೊ ಸಾಕು, ಸಂಜೆಗೆ ಟಾಂಗಾ ಹತ್ತಿದರೆ ಮಕ್ಕಳಿಗೆ ಖುಷಿ.

ಕಂಪನಿ ಹೇಳುವ ಅಂಕಿ

ಕಾರಿನ ಜಾಹೀರಾತಿನಲ್ಲಿ ಕಾಣುವ ಅಂಕಿ ರಸ್ತೆಯಲ್ಲಿ ಓಡಿಸಿ ಬರೆದದ್ದಲ್ಲ. ಗಾಡಿಯನ್ನು ಲ್ಯಾಬಿನಲ್ಲಿ ಉರುಳೆಗಳ ಮೇಲೆ ನಿಲ್ಲಿಸಿ, ಇಪ್ಪತ್ತು ನಿಮಿಷದೊಳಗೆ ಮುಗಿಯುವ ಒಂದು ನಿಗದಿತ ಓಟ ಓಡಿಸುತ್ತಾರೆ. ಅದರಲ್ಲಿ ವೇಗ 90 ದಾಟುವುದಿಲ್ಲ, ಎಸಿ ಹಾಕುವುದಿಲ್ಲ, ಎದುರುಗಾಳಿ ಇಲ್ಲ, ಹಂಪ್ಸ್ ಇಲ್ಲ, ಮುಂದೆ ಕಬ್ಬಿನ ಟ್ರ್ಯಾಕ್ಟರ್ ಇಲ್ಲ. ಎಲ್ಲ ಗಾಡಿಗೂ ಒಂದೇ ಪರೀಕ್ಷೆ ಆದ್ದರಿಂದ ಒಂದನ್ನು ಇನ್ನೊಂದರ ಜತೆ ತೂಗಿ ನೋಡಲು ಆ ಅಂಕಿ ಬರುತ್ತದೆ. ಟಾಕಿಯಲ್ಲಿ ಎಷ್ಟು ಹಾಕಿಸಬೇಕು ಎಂಬುದಕ್ಕೆ ಬರುವುದಿಲ್ಲ. ಹೆದ್ದಾರಿಯಲ್ಲಿ ಸಮಾಧಾನದಿಂದ ಓಡಿಸಿದರೆ ಐದರಲ್ಲಿ ಒಂದು ಭಾಗ ಕಳೆಯಿರಿ, ಊರೊಳಗೆ ಎಸಿ ಹಾಕಿ ಓಡಿಸಿದರೆ ಮೂರರಲ್ಲಿ ಒಂದು ಭಾಗ. ಇದು ನನ್ನ ಕೈಲೆಕ್ಕ.

ಆಲ್ಟೊ ಕೆ10 ಮ್ಯಾನ್ಯುವಲ್‌ಗೆ ಕಂಪನಿ ಹೇಳಿದ್ದು 24.39. ಕೈಲೆಕ್ಕದ ಪ್ರಕಾರ ಹೆದ್ದಾರಿಯಲ್ಲಿ 19–20, ಊರೊಳಗೆ 16. ಬಾಡಿಗೆ ಗಾಡಿಗೆ ಇದು ನ್ಯಾಯವಾದ ನಿರೀಕ್ಷೆ.

ಒಂದೇ ಇಂಜಿನ್, ನಾಲ್ಕು ಹೆಸರು

ಆಲ್ಟೊ ಕೆ10, ಎಸ್-ಪ್ರೆಸ್ಸೊ, ಸೆಲೆರಿಯೊ, ವ್ಯಾಗನ್ ಆರ್ 1.0 ನಡುವೆ ಆವರೇಜಿಗಾಗಿ ಒದ್ದಾಡುವವರು ಒಂದು ವಿಷಯ ಮರೆಯುತ್ತಾರೆ. ಈಗಿನ ಮಾಡೆಲ್‌ಗಳಲ್ಲಿ ಈ ನಾಲ್ಕರಲ್ಲೂ ಇರುವುದು ಅದೇ 998 ಸಿಸಿ, ಅಂದರೆ 1.0 ಲೀಟರಿನ, ಮೂರು ಸಿಲಿಂಡರಿನ ಮಾರುತಿ ಇಂಜಿನ್. ಬೇರೆ ಇರುವುದು ತೂಕ, ಆಕಾರ, ಗೇರಿನ ಹೊಂದಾಣಿಕೆ. ಕಾಗದದ ಮೇಲೆ ಸೆಲೆರಿಯೊ ಮುಂದೆ: ಅದರ ಆಟೊ ಗೇರಿನ ಒಂದು ಮಾಡೆಲ್‌ಗೆ 26.68 ಹೇಳುತ್ತಾರೆ. ಆದರೆ ರಸ್ತೆಯ ಮೇಲೆ ಈ ನಾಲ್ಕರ ನಡುವಿನ ಅಂತರ ನಿಮ್ಮ ಬಲಗಾಲಿನ ಭಾರಕ್ಕಿಂತ ಕಡಿಮೆ.

ಹಾಗಾಗಿ ಇವುಗಳೊಳಗೆ ಆರಿಸುವಾಗ ಜಾಗ ನೋಡಿ. ಇಬ್ಬರಿದ್ದು ಒಂದೆರಡು ಬ್ಯಾಗ್ ಇದ್ದರೆ ಆಲ್ಟೊ ಸಾಕು. ಎಂಟು ಕ್ವಿಂಟಲಿಗಿಂತ ಕಡಿಮೆ ತೂಕದ ಗಾಡಿ, ಊರೊಳಗೆ ನಿಂತು ನಿಂತು ಹೊರಡುವಾಗ ಹಗುರವಿದ್ದಷ್ಟೂ ಉಳಿತಾಯ. ಆದರೆ ಅದರ ಟಾಕಿ 27 ಲೀಟರಿನದು, ದೊಡ್ಡ ಸುತ್ತಿಗೆ ಹೊರಟರೆ ಮುಳ್ಳಿನ ಮೇಲೆ ಕಣ್ಣಿರಲಿ. ಅಜ್ಜ ಅಜ್ಜಿ ಇದ್ದರೆ ವ್ಯಾಗನ್ ಆರ್. ಬಗ್ಗದೆ ಹತ್ತಬಹುದು, ಇಳಿಯಬಹುದು, ಮೊಣಕಾಲು ನೋಯುವುದಿಲ್ಲ. ಅದು ನಿಂತ ಪೆಟ್ಟಿಗೆಯ ಆಕಾರದ್ದು, 80ರ ತನಕ ಅದರಿಂದ ಏನೂ ತೊಂದರೆಯಿಲ್ಲ. 100ರ ಮೇಲೆ ಓಡಿಸಿದರೆ ಗಾಳಿ ಅದರ ಎದೆಗೆ ಒದೆಯುತ್ತದೆ, ಆವರೇಜ್ ಸರ್ರನೆ ಇಳಿಯುತ್ತದೆ.

ರೆನೋ ಕಂಪನಿಯ ಕ್ವಿಡ್ ಕೂಡ ಇದೇ ಸಾಲಿನದು, 999 ಸಿಸಿ. ಸಿಕ್ಕರೆ ತೆಗೆದುಕೊಳ್ಳಲು ಅಡ್ಡಿಯಿಲ್ಲ.

1.2 ಬೇಕಾಗುವುದು ಯಾವಾಗ

ಸ್ವಿಫ್ಟ್, ಟಿಯಾಗೊ, ಗ್ರ್ಯಾಂಡ್ ಐ10 ನಿಯೋಸ್ ಇವು 1.2 ಲೀಟರ್ ಇಂಜಿನ್ನಿನವು. 2024ರ ಹೊಸ ಸ್ವಿಫ್ಟ್ ಮ್ಯಾನ್ಯುವಲ್‌ಗೆ 24.80 ಹೇಳುತ್ತಾರೆ, ಅಂದರೆ ಆಲ್ಟೊಗಿಂತ ತುಸು ಹೆಚ್ಚೇ. ಟಿಯಾಗೊ, ನಿಯೋಸ್ ಎರಡೂ 20ರ ಆಸುಪಾಸು. ಟಿಯಾಗೊ ತೂಕದ ಗಾಡಿ, ರಸ್ತೆ ಹಿಡಿದು ಓಡುತ್ತದೆ, ಪೆಟ್ರೋಲೂ ಸ್ವಲ್ಪ ಜಾಸ್ತಿ ಕೇಳುತ್ತದೆ.

ವಿಜಯಪುರ, ಬಾಗಲಕೋಟೆ ಸೀಮೆಯ ಬಯಲಿನಲ್ಲಿ 1.0 ಇಂಜಿನ್ನಿಗೆ ಕಷ್ಟವೇ ಇಲ್ಲ. ಕೊಲ್ಹಾರದ ಸೇತುವೆ ದಾಟಿ ಗದ್ದನಕೇರಿ ಕ್ರಾಸ್ ಮುಟ್ಟುವ ತನಕ ಐದನೇ ಗೇರಿನಲ್ಲೇ ಹೆಚ್ಚು ಹೊತ್ತು ಇರಬಹುದು. ಬೆಳಗಾವಿ ಕಡೆಯ ಮಾತು ಬೇರೆ. ಜಾಂಬೋಟಿ, ಕಣಕುಂಬಿ ಮೇಲಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವುದಾದರೆ, ಅಥವಾ ಅಂಬೋಲಿಗೆ ಹೊರಟಿದ್ದರೆ, ನಾಲ್ಕು ಮಂದಿ ದೊಡ್ಡವರು, ತುಂಬಿದ ಡಿಕ್ಕಿ, ಮೇಲೆ ಎಸಿ, ಅದಕ್ಕೆ ಏರು. ಆಲ್ಟೊದ 67 ಕುದುರೆ ಶಕ್ತಿಯ ಇಂಜಿನ್ ಎರಡನೇ ಗೇರಿನಲ್ಲಿ ಕಿರುಚುತ್ತ ಹತ್ತುತ್ತದೆ, ಆಗ ಅದು ಕುಡಿಯುವುದನ್ನು ನೋಡಿದರೆ ಸಣ್ಣ ಇಂಜಿನ್ ಎಂಬ ಮಾತೇ ಮರೆತುಹೋಗಬೇಕು. ಅದೇ ಭಾರವನ್ನು 82 ಕುದುರೆ ಶಕ್ತಿಯ ಸ್ವಿಫ್ಟ್ ಮೂರನೇ ಗೇರಿನಲ್ಲಿ ಆರಾಮಾಗಿ ಎಳೆಯುತ್ತದೆ. ಘಾಟಿಗೆ, ತುಂಬಿದ ಗಾಡಿಗೆ, 1.2 ತೆಗೆದುಕೊಳ್ಳಿ. ಇಬ್ಬರೇ ಆದರೆ ಘಾಟಿಗೂ 1.0 ನಡೆಯುತ್ತದೆ.

ಘಾಟಿನಲ್ಲಿ ಆವರೇಜ್ ಮೀಟರಿಗೆ ಮೋಸ ಹೋಗಬೇಡಿ. ಗೋವಾ ಕಡೆ ಇಳಿಯುವಾಗ 28–30 ತೋರಿಸುತ್ತದೆ, ‘ಏನ್ ಗಾಡಿ ಮಾರಾಯಾ!’ ಅನ್ನಿಸುತ್ತದೆ. ಬರುವಾಗ ಅದೇ ಮೀಟರ್ 10–11ಕ್ಕೆ ಬಂದು ಕೂರುತ್ತದೆ. ಹೋಗಿಬರುವ ಎರಡೂ ದಾರಿ ಕೂಡಿಸಿದ ಲೆಕ್ಕವೇ ಲೆಕ್ಕ. ಇನ್ನು ಗೋವಾದಲ್ಲಿ ಪೆಟ್ರೋಲ್ ಸಾಮಾನ್ಯವಾಗಿ ನಮಗಿಂತ ಅಗ್ಗ. ಬೆಳಗಾವಿಯಲ್ಲಿ ಟಾಕಿ ಫುಲ್ ಮಾಡಿಸದೆ, ಮುಟ್ಟುವಷ್ಟು ಹಾಕಿಸಿ, ಅಲ್ಲಿ ತುಂಬಿಸಿಕೊಂಡು ಬರುವುದು ಜಾಣತನ. ಗಾಡಿಯ ಪರ್ಮಿಟ್ ಗೋವಾ, ಮಹಾರಾಷ್ಟ್ರಕ್ಕೆ ನಡೆಯುತ್ತದೆಯೇ ಅಂತ ಮಾತ್ರ ಕಾಗದ ನೋಡಿಯೇ ಹೊರಡಿ.

ಮ್ಯಾನ್ಯುವಲ್ಲೋ, ಆಟೊ ಗೇರೋ? ಸಣ್ಣ ಗಾಡಿಗಳಲ್ಲಿ ಬರುವ ಎಎಂಟಿ ಎಂದರೆ ಅದೇ ಮ್ಯಾನ್ಯುವಲ್ ಗೇರ್ ಬಾಕ್ಸ್, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಯಂತ್ರದ್ದು. ಅದು ಬೇಗ ಮೇಲಿನ ಗೇರಿಗೆ ಹೋಗುತ್ತದೆ, ಅದಕ್ಕೇ ಕಂಪನಿಯ ಅಂಕಿಯಲ್ಲಿ ಒಂದು ಕೂದಲೆಳೆ ಮುಂದೆ ಇರುತ್ತದೆ. ಗೇರ್ ಹಾಕುವುದರಲ್ಲಿ ಕೈ ಪಳಗದವರಿಗೆ ಎಎಂಟಿಯೇ ಹೆಚ್ಚು ಉಳಿಸಿಕೊಡುತ್ತದೆ. ಪಳಗಿದವರಿಗೆ ಮ್ಯಾನ್ಯುವಲ್. ಘಾಟಿನಲ್ಲಿ ಎಎಂಟಿಯನ್ನು ಮ್ಯಾನ್ಯುವಲ್ ಮೋಡಿಗೆ ಹಾಕಿಕೊಳ್ಳಿ, ಇಲ್ಲವಾದರೆ ತಿರುವಿನ ನಡುವೆ ಯಾವ ಗೇರ್ ಹಾಕಲಿ ಎಂದು ಅದು ಯೋಚಿಸುತ್ತ ನಿಲ್ಲುತ್ತದೆ.

ಸಿಎನ್‌ಜಿ: ಲಾಭ ಇದೆ, ಷರತ್ತು ಅನ್ವಯ

ವ್ಯಾಗನ್ ಆರ್ ಸಿಎನ್‌ಜಿಗೆ 34.05 ಅಂತ ಓದಿ ಕಣ್ಣರಳಿಸುವ ಮೊದಲು ನೆನಪಿಡಿ, ಅದು ಕಿಲೋಗೆ, ಲೀಟರಿಗಲ್ಲ. ಒಂದು ಕಿಲೋ ಗ್ಯಾಸಿನಲ್ಲಿರುವ ಶಕ್ತಿ ಹೆಚ್ಚುಕಡಿಮೆ ಒಂದೂವರೆ ಲೀಟರ್ ಪೆಟ್ರೋಲಿನಷ್ಟು. ಅಂದರೆ ಇಂಜಿನ್ ಹೆಚ್ಚು ಚುರುಕಾಗಿದ್ದೇನೂ ಅಲ್ಲ, ತೂಗುವ ತಕ್ಕಡಿ ಬೇರೆ. ನಿಜವಾದ ಲಾಭ ಬರುವುದು ದರದಲ್ಲಿ.

ಲೆಕ್ಕಕ್ಕೆ ಗ್ಯಾಸ್ ಕಿಲೋಗೆ 85 ರೂಪಾಯಿ, ರಸ್ತೆಯಲ್ಲಿ ಸಿಗುವುದು ಕಿಲೋಗೆ 25 ಕಿ.ಮೀ. ಅಂತ ಹಿಡಿಯಿರಿ: ಕಿಲೋಮೀಟರಿಗೆ 3 ರೂಪಾಯಿ 40 ಪೈಸೆ. ಪೆಟ್ರೋಲ್ 103, ಸಿಗುವುದು 18 ಎಂದರೆ 5 ರೂಪಾಯಿ 70 ಪೈಸೆ. ಉಳಿತಾಯ ಕಿಲೋಮೀಟರಿಗೆ ಎರಡೂಕಾಲು ರೂಪಾಯಿ ಚಿಲ್ಲರೆ. ಸಿಎನ್‌ಜಿ ಗಾಡಿಗೆ ದಿನಕ್ಕೆ 500 ರೂಪಾಯಿ ಹೆಚ್ಚು ಕೇಳಿದರೆ 215 ಕಿ.ಮೀ. ದಾಟಿದ ಮೇಲೆಯೇ ನಿಮಗೆ ಲಾಭ ಶುರು. ನೀವು ಹೋಗುವ ದಿನದ ದರ ಹಾಕಿ ಇದನ್ನೇ ಮಾಡಿ ನೋಡಿ.

ಇನ್ನು ಷರತ್ತುಗಳು. ವ್ಯಾಗನ್ ಆರ್ ತರಹದ ಗಾಡಿಯಲ್ಲಿ ಸಿಲಿಂಡರ್ ಡಿಕ್ಕಿಯನ್ನೇ ನುಂಗಿರುತ್ತದೆ. ಸೂಟ್‌ಕೇಸ್ ಹೋಗುವುದಿಲ್ಲ, ರೊಟ್ಟಿಯ ಗಂಟು ತುರುಕಬಹುದು. ಟಿಯಾಗೊದಲ್ಲಿ 2023ರಿಂದ ಎರಡು ಸಣ್ಣ ಸಿಲಿಂಡರ್ ಕೆಳಗೆ ಕೂರಿಸಿರುವುದರಿಂದ ಸಾಮಾನಿಗೆ ಜಾಗ ಉಳಿದಿದೆ, ಕುಟುಂಬ ಸಮೇತ ಹೋಗುವವರಿಗೆ ಅದು ಮೇಲು. ಸಿಲಿಂಡರಿನ ಮೇಲೆ 60 ಲೀಟರ್ ಎಂದು ಬರೆದಿದ್ದರೂ ಅದರಲ್ಲಿ ಹಿಡಿಯುವ ಗ್ಯಾಸ್ ಎಂಟೊಂಬತ್ತು ಕಿಲೋ, ಅಂದರೆ 200 ಕಿ.ಮೀ. ಆಚೀಚೆ. ವಿಜಯಪುರ–ಬಾದಾಮಿ ಹೋಗಿಬರುವುದೇ ಸುಮಾರು 240. ಗ್ಯಾಸ್ ತೀರಿದರೆ ಪೆಟ್ರೋಲಿನ ಮೇಲೆ ಓಡುತ್ತದೆ, ದಾರಿಯಲ್ಲಿ ನಿಲ್ಲುವ ಭಯವಿಲ್ಲ, ಆದರೆ ಆ ಉಳಿದ ಓಟಕ್ಕೆ ಉಳಿತಾಯವೂ ಇಲ್ಲ.

ಪಂಪ್ ಇದೆ ಅಂತ ಫೋನಿನ ನಕ್ಷೆ ತೋರಿಸಿದರೆ ಸಾಲದು. ಪೈಪ್‌ಲೈನ್ ಇಲ್ಲದ ಕಡೆ ಗ್ಯಾಸನ್ನು ಲಾರಿಯ ಮೇಲೆ ಸಿಲಿಂಡರಿನ ಗೊಂಚಲಿನಲ್ಲಿ ತರುತ್ತಾರೆ. ಲಾರಿ ಬರುವ ಹೊತ್ತಿಗೆ ಪ್ರೆಷರ್ ಕಡಿಮೆಯಾಗಿದ್ದರೆ ನಿಮಗೆ ಅರ್ಧ ತುಂಬುತ್ತದೆ, ‘ಇಷ್ಟ ಬರ್ತದ್ರಿ ಈಗ’ ಅನ್ನುತ್ತಾರೆ. ಹೊರಡುವ ಮೊದಲು ಫೋನ್ ಮಾಡಿ, ಗ್ಯಾಸ್ ಇದೆಯಾ, ಪ್ರೆಷರ್ ಇದೆಯಾ ಕೇಳಿಕೊಳ್ಳಿ. ಹಬ್ಬದ ದಿನ ಆಟೊಗಳ ಸಾಲಿನ ಹಿಂದೆ ಮುಕ್ಕಾಲು ಗಂಟೆ ನಿಲ್ಲುವ ತಯಾರಿಯೂ ಇರಲಿ. ಗ್ಯಾಸಿನ ಮೇಲೆ 1.0 ಇಂಜಿನ್ನಿನ ಶಕ್ತಿ 67ರಿಂದ 57ಕ್ಕೆ ಇಳಿಯುವುದರಿಂದ ಘಾಟಿಗೆ ಸಿಎನ್‌ಜಿ ವ್ಯಾಗನ್ ಆರ್ ಅನ್ನು ನಾನಂತೂ ಹೇಳುವುದಿಲ್ಲ. ಬೆಳಗಾವಿಯಿಂದ ಧಾರವಾಡ, ಹುಬ್ಬಳ್ಳಿ ಕಡೆಗೆ ಹೆದ್ದಾರಿ 48ರಲ್ಲಿ ಓಡಾಡುವವರಿಗೆ ಸಿಎನ್‌ಜಿ ಚೆನ್ನಾಗಿ ಹೊಂದುತ್ತದೆ.

ಡೀಸೆಲ್ ಸಣ್ಣ ಕಾರಿನ ಕಾಲ ಮುಗಿಯಿತು. ಮಾರುತಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ಇಂಜಿನ್ ನಿಲ್ಲಿಸಿತು. ಈಗ ಬಾಡಿಗೆಗೆ ಕಾಣುವ ಡೀಸೆಲ್ ಸ್ವಿಫ್ಟ್, ಡಿಸೈರ್‌ಗಳೆಲ್ಲ ಅದಕ್ಕಿಂತ ಹಳೆಯವು. ಚೆನ್ನಾಗಿಟ್ಟಿದ್ದರೆ ಇವತ್ತಿಗೂ 20 ದಾಟುತ್ತವೆ, ಲೀಟರಿನ ದರವೂ ಪೆಟ್ರೋಲಿಗಿಂತ ಕಡಿಮೆ. ಆದರೆ ಓಡೋಮೀಟರ್ ಎಷ್ಟು ಲಕ್ಷ ತೋರಿಸುತ್ತಿದೆ ನೋಡಿ. ಎಲೆಕ್ಟ್ರಿಕ್ ಟಿಯಾಗೊ ಸಿಕ್ಕರೆ ಊರೊಳಗಿನ ಓಡಾಟಕ್ಕೆ ಅದರಷ್ಟು ಅಗ್ಗ ಯಾವುದೂ ಇಲ್ಲ, ಬಾದಾಮಿಗೆ ಹೋಗಿ ಅದೇ ದಿನ ತಿರುಗಿ ಬರುವವರಿಗೆ ಮಾತ್ರ ನಡುವೆ ಚಾರ್ಜಿಂಗಿನ ದಾರಿ ಗೊತ್ತಿರಬೇಕು.

ಟಾಕಿಯಲ್ಲಿರುವ ಕಬ್ಬು

ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರ ತನಕ ಎಥೆನಾಲ್ ಇರುತ್ತದೆ. ಎಥೆನಾಲಿನ ಶಕ್ತಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು, ಆದ್ದರಿಂದ ಅದೇ ಗಾಡಿ ಮೊದಲಿಗಿಂತ ಕೆಲವು ಪರ್ಸೆಂಟ್ ಕಡಿಮೆ ಓಡುವುದು ಸಹಜ. ಅದಕ್ಕೆ ಗಾಡಿಯವನ ಜತೆ ಜಗಳ ಬೇಡ. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳು ಈ ಪೆಟ್ರೋಲಿಗೆ ಹೊಂದಿಸಿದವು, ಎರಡು ಗಾಡಿ ಒಂದೇ ಬಾಡಿಗೆಗೆ ಸಿಕ್ಕರೆ ಆ ತಾರೀಖಿನ ಈಚಿನದನ್ನು ಆರಿಸಿ.

ನಮ್ಮ ಕಡೆಯವರಿಗೆ ಇದರಲ್ಲೊಂದು ತಮಾಷೆ ಇದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಗೋಕಾಕ ದಾರಿಯಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತ ನಿಮ್ಮ ಆವರೇಜ್ ಕಳೆಯುವುದೂ ಕಬ್ಬೇ, ಫ್ಯಾಕ್ಟರಿಗೆ ಹೋಗಿ ಎಥೆನಾಲ್ ಆಗಿ ಟಾಕಿಗೆ ಬಂದು ಮತ್ತೆ ಒಂದಿಷ್ಟು ಕಳೆಯುವುದೂ ಕಬ್ಬೇ. ನವೆಂಬರಿನಿಂದ ಮಾರ್ಚ್ ತನಕ ಆ ಕಡೆ ಹೋಗುವವರು ಬೆಳಗ್ಗೆ ಬೇಗ ಹೊರಡಿ. ರಾತ್ರಿ ಬೇಡವೇ ಬೇಡ, ಹಿಂದಿನ ಲೈಟ್ ಇಲ್ಲದ ಟ್ರೇಲರ್ ಹತ್ತಿರ ಹೋಗುವ ತನಕ ಕಾಣುವುದಿಲ್ಲ. ಅದು ಆವರೇಜಿನ ಪ್ರಶ್ನೆಯಲ್ಲ, ಜೀವದ್ದು.

ಓಡಿಸುವವನ ಕೈಯಲ್ಲಿರುವುದು

ಗಾಡಿ ಆರಿಸಿ ಉಳಿಸುವುದಕ್ಕಿಂತ ಹೆಚ್ಚು ಓಡಿಸುವುದರಲ್ಲಿ ಉಳಿಯುತ್ತದೆ. ಅದರಲ್ಲೂ ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ರ ಬದಲು 100ರಲ್ಲಿ ಹೋದರೆ ಗಾಳಿ ಒತ್ತುವ ಬಲ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ನಿಡಗುಂದಿ, ಹುನಗುಂದ ಕಡೆಗಿನ ಚತುಷ್ಪಥ ಸಿಕ್ಕ ಕೂಡಲೇ ಕಾಲು ತಾನಾಗಿ ಒತ್ತುತ್ತದೆ. 120 ಕಿ.ಮೀ.ಗೆ ಇದರಿಂದ ಉಳಿಯುವುದು ಹದಿನೆಂಟು ನಿಮಿಷ. ಕೊಲ್ಹಾರದಲ್ಲಿ ಗಡಿಗೆ ಮೊಸರು ತಿನ್ನಲು, ಅಮೀನಗಡದಲ್ಲಿ ಕರದಂಟು ಕಟ್ಟಿಸಲು ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ. 75–80ರಲ್ಲಿ ಮೇಲಿನ ಗೇರಿನಲ್ಲಿ ಒಂದೇ ಸಮ ಹೋಗುವ ಸಣ್ಣ ಗಾಡಿ ಕೊಡುವ ಆವರೇಜ್ ಯಾವ ಮಾಡೆಲ್ ಬದಲಾಯಿಸಿದರೂ ಬರುವುದಿಲ್ಲ.

ಆಷಾಢದ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ವಿಜಯಪುರದಿಂದ ತಿಕೋಟಾ, ಅಥಣಿ ಮೇಲೆ ಪಡುವಣಕ್ಕೆ ಹೊರಟಾಗ ಎದುರಿಗೆ ಗಂಟೆಗೆ 30 ಕಿ.ಮೀ. ಗಾಳಿ ಇದ್ದರೆ, ಸ್ಪೀಡೋಮೀಟರ್ 80 ತೋರಿಸಿದರೂ ಗಾಡಿಯ ಮೂತಿಗೆ ಬಡಿಯುವುದು 110ರ ಗಾಳಿ. ಅಂಥ ದಿನ 65–70ಕ್ಕೆ ಇಳಿಸಿ. ತಿರುಗಿ ಬರುವಾಗ ಅದೇ ಗಾಳಿ ಬೆನ್ನಿಗೆ ಬಂದು ಸಾಲ ತೀರಿಸುತ್ತದೆ. ಮೇಲೆ ಕ್ಯಾರಿಯರ್ ಇದ್ದರೆ ಬಿಚ್ಚಿಸಿ, ಖಾಲಿ ಕ್ಯಾರಿಯರೂ ಗಾಳಿ ಹಿಡಿಯುತ್ತದೆ.

ಎಸಿ ವಿಷಯಕ್ಕೆ ಬಂದರೆ, ಏಪ್ರಿಲ್–ಮೇದಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಎಸಿ ಬಂದ್ ಮಾಡಿ ಓಡಿಸಿರಿ ಅಂತ ಯಾರಿಗೂ ಹೇಳಲಾರೆ. ಆದರೆ ಕಂಪ್ರೆಸರ್ ತಿರುಗಿಸಲು ಬೇಕಾದ ಶಕ್ತಿ ಸಣ್ಣ ಗಾಡಿಗೂ ದೊಡ್ಡದಕ್ಕೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಸಣ್ಣ ಇಂಜಿನ್ನಿಗೆ ಅದರ ಭಾರ ಜಾಸ್ತಿ ಗೊತ್ತಾಗುತ್ತದೆ. ಬಿಸಿಲಲ್ಲಿ ನಿಂತ ಗಾಡಿಗೆ ನಾಲ್ಕೂ ಬಾಗಿಲು ತೆರೆದು ಕಾವು ಬಿಡಿ, ಒಂದು ಕಿಲೋಮೀಟರ್ ಗಾಜು ಇಳಿಸಿ ಓಡಿಸಿ, ಆಮೇಲೆ ಎಸಿ ಹಾಕಿ ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿ ಒತ್ತಿ. ಊರೊಳಗೆ ನಿಧಾನಕ್ಕೆ ಹೋಗುವಾಗ ಗಾಜು ಇಳಿಸಬಹುದು, ಹೆದ್ದಾರಿಯಲ್ಲಿ ಗಾಜು ಇಳಿಸಿದರೆ ಗಾಳಿಯೇ ಎಳೆಯುತ್ತದೆ, ಅಲ್ಲಿ ಎಸಿಯೇ ಸರಿ. ನಿಂತ ಗಾಡಿಯಲ್ಲಿ ಎಸಿ ಹಾಕಿಕೊಂಡು ಒಂದು ತಾಸು ಕಾದರೆ ಮುಕ್ಕಾಲು ಲೀಟರಿನ ಆಸುಪಾಸು ಖರ್ಚು. ಬಾದಾಮಿ ಗುಹೆಗೆ ಹತ್ತಲಾರದವರು ಕಾರಿನಲ್ಲಿ ಕೂರುವ ಬದಲು ಮರದ ನೆರಳಲ್ಲಿ ಕೂರಲಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ನಮ್ಮ ಡ್ರೈವರ್‌ಗಳಲ್ಲಿ ಇವತ್ತಿಗೂ ಗಟ್ಟಿ. ಕಾರ್ಬ್ಯುರೇಟರ್ ಗಾಡಿಯ ಕಾಲದ ಮಾತು ಅದು. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿದ್ದು ಕಾಲು ಎತ್ತಿದರೆ ಇಂಜಿನ್ನಿಗೆ ಇಂಧನ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ತಾನು ಬದುಕಿರಲು ಇಂಧನ ಕುಡಿಯಲೇಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ಪೆಟ್ರೋಲೂ ಹೋಗುತ್ತದೆ, ಬ್ರೇಕೂ ಕಾಯುತ್ತದೆ. ಚೋರ್ಲಾ ಇಳಿಯುವಾಗ ಎರಡನೆಯ ಇಲ್ಲವೇ ಮೂರನೆಯ ಗೇರ್, ಕಾಲು ಎತ್ತಿದ್ದು.

ಗಾಡಿ ಕೈಗೆ ಬಂದಾಗ

ಬಾಡಿಗೆ ಗಾಡಿಯ ಟೈರಿಗೆ ಹವಾ ಹಾಕಿಸುವುದು ಎಲ್ಲರ ಕೆಲಸ, ಅಂದರೆ ಯಾರ ಕೆಲಸವೂ ಅಲ್ಲ. ಡ್ರೈವರ್ ಬಾಗಿಲಿನ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ, ಇಬ್ಬರಿದ್ದರೆ ಎಷ್ಟು, ತುಂಬಿದ್ದರೆ ಎಷ್ಟು ಅಂತ. ಟೈರ್ ತಣ್ಣಗಿರುವಾಗಲೇ, ಹತ್ತಿರದ ಪಂಪಿನಲ್ಲಿ, ಸ್ಟೆಪ್ನಿ ಸೇರಿಸಿ ಐದಕ್ಕೂ ನೋಡಿಸಿ. ಹವಾ ಕಡಿಮೆ ಇರುವ ಟೈರ್ ದಾರಿಯುದ್ದಕ್ಕೂ ಹಿಂದಕ್ಕೆ ಎಳೆಯುತ್ತದೆ, ಬಿಸಿಲಲ್ಲಿ ಒಡೆಯುವುದೂ ಅಂಥದ್ದೇ.

ಆಮೇಲೆ ಬ್ರೇಕ್. ನಾಲ್ಕೈದು ಕಿ.ಮೀ. ಹೆಚ್ಚು ಬ್ರೇಕ್ ಒತ್ತದೆ ಓಡಿಸಿ ನಿಲ್ಲಿಸಿ, ಒಂದೊಂದು ಚಕ್ರದ ಹತ್ತಿರವೂ ಮುಟ್ಟದೆ ಅಂಗೈ ಹಿಡಿಯಿರಿ. ಮೂರು ಸಾಧಾರಣ ಇದ್ದು ಒಂದು ಮಾತ್ರ ಕಾವು ಹೊಡೆಯುತ್ತಿದ್ದರೆ ಆ ಬ್ರೇಕ್ ಜಾಮ್ ಆಗಿದೆ. ಅಂಥ ಗಾಡಿಗೆ ಯಾವ ಉಪಾಯ ಮಾಡಿದರೂ ಆವರೇಜ್ ಬರುವುದಿಲ್ಲ, ಅಲ್ಲಿಂದಲೇ ತಿರುಗಿಸಿ ಬೇರೆ ಗಾಡಿ ಕೇಳಿ. ಮೀಟರಿನಲ್ಲಿ ಹಳದಿ ಇಂಜಿನ್ ದೀಪ ಉರಿಯುತ್ತಿದ್ದರೂ ಅಷ್ಟೇ. ‘ಅದು ಯಾವಾಗ್ಲೂ ಹಂಗ ಇರ್ತದ್ರಿ’ ಎಂಬ ಮಾತಿಗೆ ಒಪ್ಪಬೇಡಿ, ಸೆನ್ಸರ್ ಕೆಟ್ಟಿದ್ದರೆ ಇಂಜಿನ್ ಬೇಕಿದ್ದಕ್ಕಿಂತ ಹೆಚ್ಚು ಪೆಟ್ರೋಲ್ ಎಳೆಯುತ್ತದೆ.

ಮೀಟರಿನಲ್ಲಿ ಕಾಣುವ ಆವರೇಜ್ ನಿಮ್ಮದಲ್ಲ, ಹಿಂದೆ ಓಡಿಸಿದವನದು. ಟ್ರಿಪ್ ಮತ್ತು ಆವರೇಜ್ ಎರಡನ್ನೂ ಸೊನ್ನೆ ಮಾಡಿ. ಸಾಧ್ಯವಾದರೆ ಫುಲ್ ಟಾಕಿಯಿಂದ ಫುಲ್ ಟಾಕಿಗೆ ಕರಾರು ಮಾಡಿಕೊಳ್ಳಿ, ಏಕೆಂದರೆ ಗೆರೆಯ ಲೆಕ್ಕದಲ್ಲಿ ಒಂದು ಗೆರೆ ಅಂದರೆ ಮೂರು ನಾಲ್ಕು ಲೀಟರ್. ಗೆರೆ ಈಗಷ್ಟೇ ಹತ್ತಿದ್ದೋ, ಇಳಿಯುವ ಅಂಚಿನಲ್ಲಿದ್ದೋ ಗೊತ್ತಾಗುವುದಿಲ್ಲ. ಆವರೇಜ್ ಕಾಯ್ದು ಉಳಿಸಿದ 270 ರೂಪಾಯಿ ಆ ಒಂದು ಗೆರೆಯಲ್ಲೇ ಹೋಗಿಬಿಡುತ್ತದೆ. ಗೆರೆಯ ಕರಾರೇ ಆದರೆ ಇಂಜಿನ್ ಚಾಲೂ ಇಟ್ಟು, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೆರೆಯೂ ಓಡೋಮೀಟರೂ ಒಟ್ಟಿಗೆ ಕಾಣುವಂತೆ ಫೋಟೊ ತೆಗೆದು ಗಾಡಿಯವರಿಗೇ ವಾಟ್ಸಾಪ್ ಮಾಡಿಬಿಡಿ. ವಾಪಸ್ ಕೊಡುವಾಗ ಅವರ ಆಫೀಸಿಗೆ ಹತ್ತಿರದ ಪಂಪಿನಲ್ಲಿ ತುಂಬಿಸಿ. ನಾಜಲ್ ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸಿ, ‘ಇನ್ನೊಂದ್ ಸ್ವಲ್ಪ ಹಾಕ್ಲೆನ್ರಿ’ ಅಂದರೆ ಬೇಡ ಅನ್ನಿ, ಆ ಹೆಚ್ಚಿನದು ಮುಂದಿನ ಗಿರಾಕಿಗೆ ಹೋಗುತ್ತದೆ. ಬಿಲ್ ಇಸಿದುಕೊಂಡು, ಮತ್ತೊಂದು ಫೋಟೊ ತೆಗೆದು, ಕೀಲಿ ಕೊಡಿ.